ಹಾಲುಗಂಬಕ್ಕೆ ಅಡ್ಡ ಬಂದ ಸ್ಟೇ

ಕೋರ್ಟಿನ ಅಮೀನ ಮನೆಗೆ ಬಂದರೆ ಏನು ಮಾಡಬೇಕು? ನಮ್ಮಣ್ಣ ಸ್ವಾಮಿಯ ಪ್ರಕಾರ ಹಿತ್ತಲ ಬಾಗಿಲಿನಿಂದ ಗದ್ದೆಗೆ ಹೋಗಿಬಿಡಬೇಕು.

ಒಂದು ಸಲ ಸಿಕ್ಕಿಬಿದ್ದನಂತೆ. ಆಗ ಕೈ ಹಿಂದೆ ಕಟ್ಟಿಕೊಂಡು ನಿಂತ. ಅಮೀನ ಕಾಗದವನ್ನು ಬಾಗಿಲಿಗೆ ಅಂಟಿಸಿ ಹೋದ. ಅಣ್ಣ ಅದನ್ನು ಕಿತ್ತು ನೀರೊಲೆಗೆ ಹಾಕಿದ.

"ನೋಟೀಸು ಇಸ್ಕಂಡ್ರೆ ತಾನೇ ಕಣಮ್ಮಿ ಕೇಸು?" ಎಂದು ಫೋನಿನಲ್ಲಿ ನನಗೇ ಪಾಠ ಹೇಳಿದ. (ನಾನು ಪಾಂಡವಪುರದಲ್ಲಿ ಸಮಾಜ ವಿಜ್ಞಾನದ ಟೀಚರ್. 'ನ್ಯಾಯಾಂಗ' ಪಾಠವನ್ನು ವರ್ಷಾ ವರ್ಷಾ ಮಾಡುತ್ತೇನೆ. ಇರಬಹುದೇನೋ ಎಂದು ನಾನೂ ಸುಮ್ಮನಾದೆ!)

ಕೇಸು ಹಾಕಿದವನು ಹೊರಗಿನವನಲ್ಲ. ಪಕ್ಕದ ಮನೆಯ ರಾಜಣ್ಣ, ನಮ್ಮ ದೊಡ್ಡಪ್ಪನ ಮಗ. ಕಿಕ್ಕೇರಿ ಹತ್ತಿರದ ನಮ್ಮೂರಲ್ಲಿ ಎರಡೂ ಮನೆಗಳ ಮುಂದೆ ಒಂದಿಷ್ಟು ಖಾಲಿ ಜಾಗವಿದೆ. ಅಲ್ಲಿ ಅಣ್ಣ ಬೈಕಿಗೊಂದು ಶೆಡ್ ಹಾಕಲು ಹೊರಟ. ಅದು ನನ್ನ ಭಾಗ ಎಂದು ರಾಜಣ್ಣ ಸ್ಟೇ ತಂದ. ಸ್ವಾಮಿ ಅಲ್ಲಿ ಏನೂ ಕಟ್ಟಬಾರದು, ನೆಲ ಅಗೆಯಬಾರದು.

ಶೆಡ್ ಹಾಳಾಗಿ ಹೋಗಲಿ. ಅಷ್ಟರಲ್ಲಿ ಅಣ್ಣನ ಮಗಳು ಭವ್ಯಾಳ ಮದುವೆ ಗೊತ್ತಾಯಿತು. ಮದುವೆಯೇನೋ ಕೆ.ಆರ್. ಪೇಟೆಯ ಛತ್ರದಲ್ಲಿ. ಆದರೆ ಚಪ್ಪರ ಮನೆ ಮುಂದೆಯೇ ಆಗಬೇಕು. ಹಾಲೆರೆದು ಹಾಲುಗಂಬ ನೆಡದೆ ನಮ್ಮಲ್ಲಿ ಮದುವೆ ಉಂಟೇ? ನೆಲ ಅಗೆಯದೆ ಕಂಬ ನೆಡುವುದು ಹೇಗೆ?

ಅಣ್ಣನನ್ನು ಎಳೆದುಕೊಂಡು ಪೇಟೆಯ ಲಾಯರಮ್ಮನ ಹತ್ತಿರ ಹೋದೆ. ಅವರು ಮೊದಲು ತಲೆ ತಲೆ ಚಚ್ಚಿಕೊಂಡರು. "ನೋಟೀಸು ಬ್ಯಾಡ ಅಂದ್ರೆ ಕೇಸು ವಾಪಸ್ ಹೋಗ್ತದಾ ಸ್ವಾಮಣ್ಣ? ತಲುಪಿದ ಲೆಕ್ಕವೇ ಅದು. ನೀವು ಹೋಗ್ಲಿಲ್ಲ, ಕೋರ್ಟು ಅವರೊಬ್ಬರ ಮಾತೇ ಕೇಳ್ತು."

ದಾರಿಗಳಿದ್ದವು. ತಕರಾರು ಸಲ್ಲಿಸಿ, ಸ್ಟೇ ತೆರವು ಮಾಡಿ ಎಂದು ಅದೇ ಕೋರ್ಟನ್ನು ಕೇಳಬಹುದು. ಮೇಲಿನ ಕೋರ್ಟಿಗೆ ಅಪೀಲು ಹೋಗಬಹುದು. ಎರಡಕ್ಕೂ ಸಮಯ ಬೇಕು. ಚಪ್ಪರಕ್ಕೆ ಉಳಿದಿದ್ದು ಹನ್ನೆರಡು ದಿನ. ಹಾಗಾಗಿ ತಕರಾರಿನ ಜೊತೆಗೇ, ಮದುವೆ ಮಟ್ಟಿಗೆ ಸಡಿಲ ಮಾಡಿ ಎಂಬ ಅರ್ಜಿಯೂ ಹೋಯಿತು.

"ಯಾವನ್ಲಾ ಕೇಳೋನು ಅಂತ ಅಗದ್ಬುಟ್ರೆ?" ಅಂದ ಅಣ್ಣ.

"ಮಗಳ ಧಾರೆ ಹೊತ್ಗೆ ನೀವು ಜೈಲಲ್ಲಿರಬೋದು," ಅಂದರು ಲಾಯರಮ್ಮ.

ಆದೇಶ ಬಂತು. ಮೂರು ದಿನ ಚಪ್ಪರ ಹಾಕಬಹುದು. ಆದರೆ ನೆಲ ಅಗೆಯುವಂತಿಲ್ಲ!

ಬಕೆಟ್ಟಿಗೆ ಮಣ್ಣು ತುಂಬಿ ಕಂಬ ನಿಲ್ಲಿಸೋಣ ಎಂದೆ. "ಬಕೀಟಲ್ಲಿ ನೆಡಾಕೆ ಅದೇನು ತುಳಸಿ ಗಿಡವಾ?" ಎಂದು ಅತ್ತಿಗೆ ಅತ್ತೇಬಿಟ್ಟರು. ಭವ್ಯಾಳ ಮುಖವನ್ನಂತೂ ನೋಡಲಾಗಲಿಲ್ಲ.

ಚಪ್ಪರದ ಬೆಳಿಗ್ಗೆ. ಶಾಮಿಯಾನ ಎದ್ದಿತ್ತು, ಸೋಗೆ ಹೊದಿಸಿದ್ದೂ ಆಗಿತ್ತು. ಹಾಲುಗಂಬ ಮಾತ್ರ ಗೋಡೆಗೆ ಒರಗಿಕೊಂಡು ನಿಂತಿತ್ತು. ಆಗ ಪಕ್ಕದ ಮನೆಯಿಂದ ರಾಜಣ್ಣ ಬಂದ. ಕೈಯಲ್ಲಿ ಹಾರೆ! ಅಣ್ಣ ಅಡ್ಡ ನಿಂತ.

"ಅತ್ಲಾಗಿ ಸರ್ಕೊಳ್ಲಾ," ಅಂದ ರಾಜಣ್ಣ. "ಸ್ಟೇ ಇರಾದು ನಿಂಗೆ, ನಂಗಲ್ಲ. ಭವ್ಯ ನಮ್ಮಿಬ್ರುಗೂವೆ ಮಗಳೇ ಕಣ್ಲಾ."

ಪಂಚೆ ಎತ್ತಿ ಕಟ್ಟಿ ತಾನೇ ಗುಂಡಿ ತೆಗೆದ. ಅವನ ಹೆಂಡತಿ ಹಾಲಿನ ಚೊಂಬು ಹಿಡಿದು ಹಿಂದೆಯೇ ಬಂದಳು. ಅಣ್ಣ ಮುಖ ಆಚೆ ತಿರುಗಿಸಿಕೊಂಡು ಟವೆಲ್ಲಿನಲ್ಲಿ ಕಣ್ಣೊರೆಸಿದ. ನನಗೆ ಆದ ಖುಷಿಗೆ ಮೂರು ಹೋಳಿಗೆ ಜಾಸ್ತಿ ತಿಂದೆ.

ಕೇಸು ವಾಪಸಾಯಿತೇ ಅಂತೀರಾ? ಎಲ್ಲಿಯ ಮಾತು! ಇಬ್ಬರೂ ಕೋರ್ಟಿನ ವಾಯಿದೆಗೆ ತಪ್ಪದೆ ಹೋಗುತ್ತಿದ್ದಾರೆ. ಆ ಜಾಗ ತನ್ನದೇ ಎಂದು ಇಬ್ಬರೂ ಪಟ್ಟು ಹಿಡಿದಿದ್ದಾರೆ.

ಮದುವೆಯಾಗಿ ತಿಂಗಳಾದರೂ ಕಂಬ ಅಲ್ಲೇ ಇದೆ. ಅಣ್ಣ ಕೀಳೋಣವೆಂದರೆ ಸ್ಟೇ ಅಡ್ಡ, ರಾಜಣ್ಣನಿಗೆ ಮನಸ್ಸಿಲ್ಲ. ಇನ್ನು ಅದನ್ನು ಕೀಳುವವರು ಯಾರು, ನೀವೇ ಹೇಳಿ?