ನಿಂತ ಅಂಗಡಿಯ ಕದ ತೆಗೆಯುವ ರಿಪೇರಿ ಅಕ್ಕ

ಬೆಳಕಿನ್ನೂ ಕಿಟಕಿಯ ಸರಳುಗಳನ್ನಷ್ಟೇ ಮುಟ್ಟಿದೆ. ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಆಕೆ ಆಗಲೇ ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಮೈಮೇಲೆ ಶಾಲು, ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡ ಫೋನು. ಪರದೆಯ ಮೇಲೆ ಪುಟ್ಟದೊಂದು ಚಕ್ರ ಸುತ್ತುತ್ತಲೇ ಇದೆ.

"ಮತ್ತೆ ನಿಂತ್ಹೋಯ್ತು ಅಕ್ಕ," ಎನ್ನುತ್ತದೆ ಫೋನಿನ ಆಚೆಯ ದನಿ. "ಬೂಟು ಕಾಣುತ್ತೆ, ಬುಟ್ಟಿಗೂ ಬೀಳುತ್ತೆ. ದುಡ್ಡು ಕಟ್ಟೋಕೆ ಹೋದ್ರೆ ಈ ಚಕ್ರ. ಅಳಿಯ ನೋಡಿದ್ರೆ ನನ್ನ ಕಥೆ ಮುಗೀತು."

"ಅಳಿಯಂದಿರು ಎಷ್ಟೊತ್ತಿಗೆ ಏಳ್ತಾರೆ ಅಣ್ಣ?"

"ಭಾನುವಾರ ಅಲ್ವಾ, ಬಿಸಿಲು ಮುಖಕ್ಕೆ ಹೊಡೆದ ಮೇಲೆ."

"ಹಾಗಾದ್ರೆ ದೇವರು ನಮ್ಮ ಕಡೆ ಇದ್ದಾನೆ. ಫೋನಿಡಿ."

ಆನ್‌ಲೈನ್ ಅಂಗಡಿಗಳು ಕೆಟ್ಟು ನಿಂತಾಗ ಸರಿಪಡಿಸುವುದು ಈಕೆಯ ಕಸುಬು. ಹೆಸರು ಹಿಡಿದು ಕರೆಯುವವರಿಲ್ಲ, ಎಲ್ಲರಿಗೂ ‘ರಿಪೇರಿ ಅಕ್ಕ’. ಗೊಂಬೆ ಮಾಡುವವರು, ಜೇನು ಮಾರುವವರು, ಹಳೆ ಗಡಿಯಾರದವರು, ಹೀಗೆ ಹತ್ತಾರು ಸಣ್ಣ ಅಂಗಡಿಗಳು ಆಕೆಯ ಕೈಯಲ್ಲಿವೆ. ಯಾವುದಕ್ಕೂ ಗೋಡೆಯಿಲ್ಲ, ಬಾಗಿಲಿಲ್ಲ. ಆದರೂ ಕದ ಮುಚ್ಚಿಕೊಂಡಾಗ ಮಾಲೀಕರ ಎದೆ ಧಸಕ್ ಎನ್ನುವುದು ನಿಜವಾದ ಅಂಗಡಿಯವರಂತೆಯೇ.

ಈ ದಿನ ಕೆಟ್ಟಿರುವುದು ಬೂಟು ಹೊಲಿಯುವವರ ಅಂಗಡಿ. ಎರಡು ಪಾದಗಳ ಅಳತೆ ಒಂದೇ ಇಲ್ಲದವರಿಗಾಗಿ ಅವರು ಬೂಟು ಮಾಡುತ್ತಾರೆ. ಎಡಗಾಲಿಗೆ ಚಿಕ್ಕದು, ಬಲಗಾಲಿಗೆ ದೊಡ್ಡದು ಎಂದು ಕೊಳ್ಳುವವರು ಬೇರೆಬೇರೆಯಾಗಿ ಆರಿಸಿಕೊಳ್ಳುವಂತೆ ಆ ಅಂಗಡಿಯನ್ನು ಕಟ್ಟಿದವರೂ ಅಕ್ಕನೇ. ಅಳಿಯನಿಗೆ ಇದೆಲ್ಲ ಹಿಡಿಸದು. ಇನ್ನೊಂದು ಸಲ ನಿಂತರೆ ಮುಚ್ಚಿಬಿಟ್ಟು ದೊಡ್ಡ ಕಂಪನಿಯ ಮಾರುಕಟ್ಟೆಗೆ ಸೇರಿಸುವುದೆಂದು ಅವರು ಹೇಳಿಯಾಗಿದೆ. ಅಲ್ಲಿ ಜೋಡಿ ಎಂದರೆ ಎರಡೂ ಒಂದೇ ಅಳತೆ.

"ಅಲ್ಲಿಗೆ ಹೋದ್ರೆ ಆ ಜನ ಮತ್ತೆ ಎರಡು ಜೊತೆ ಕೊಂಡು ಒಂದೊಂದು ಬಿಸಾಕ್ಬೇಕು," ಎನ್ನುತ್ತಾರೆ ಅಕ್ಕ, ಪರದೆಯಿಂದ ಕಣ್ಣು ಕೀಳದೆ. "ನನಗೂ ಆ ಅಣ್ಣನ ದನಿ ಇಲ್ಲದಂತಾಗುತ್ತೆ. ಅವರ ಮುಖ ನಾನು ನೋಡಿಲ್ಲ. ದಾರೀಲಿ ಎದುರಿಗೆ ಬಂದ್ರೂ ಗುರುತು ಸಿಗಲ್ಲ. ಕೆಮ್ಮಿದ್ರೆ ಮಾತ್ರ ಹಿಡಿದುಬಿಡ್ತೀನಿ."

ಕೆಲಸ ಶುರುವಾಗುತ್ತದೆ. ಒಂದು ಅಂಗಡಿಯ ಹಿಂದೆ ಹಲವು ಸಣ್ಣ ತಂತ್ರಾಂಶಗಳು ದುಡಿಯುತ್ತವೆ. ಒಂದು ಚಿತ್ರ ತೋರಿಸುತ್ತದೆ, ಒಂದು ಹಣ ಪಡೆಯುತ್ತದೆ, ಇನ್ನೊಂದು ಸಾಗಣೆಯ ಖರ್ಚು ಲೆಕ್ಕ ಹಾಕುತ್ತದೆ. ಅಕ್ಕ ಮೊದಲು ಅಂಗಡಿಯ ನಕಲೊಂದನ್ನು ಮಾಡಿಕೊಳ್ಳುತ್ತಾರೆ. ಅದರಲ್ಲಿ ಎಲ್ಲವನ್ನೂ ದೀಪದಂತೆ ಆರಿಸಿ, ಆಮೇಲೆ ಒಂದೊಂದನ್ನೇ ಹಚ್ಚುತ್ತಾರೆ. ಒಂದು ಗುಂಡಿ ಒತ್ತುವುದು, ಕಾಯುವುದು. ಕಾವ್ಯ ಓದುವವರು ಸಾಲಿನ ನಡುವೆ ತಡೆದು ಉಸಿರು ತೆಗೆದುಕೊಳ್ಳುತ್ತಾರಲ್ಲ, ಅಂಥದೇ ತಡೆ. ಕೋಣೆಯಲ್ಲಿ ಕಂಪ್ಯೂಟರಿನ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಸಾಗಣೆಯ ತಂತ್ರಾಂಶ ಹಚ್ಚಿದೊಡನೆ ಚಕ್ರ ಮತ್ತೆ ಸುತ್ತತೊಡಗುತ್ತದೆ. "ಸಿಕ್ಕಿಬಿದ್ದ ಕಳ್ಳ!" ರಾತ್ರಿ ಅದು ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿ ಹೊಸ ರೂಪ ತಳೆದಿದೆ. ಹೊಸ ರೂಪಕ್ಕೆ ಒಂದು ಜೋಡಿಗೆ ಒಂದೇ ತೂಕ ಬೇಕು. ಇಲ್ಲಿ ಎಡಕ್ಕೊಂದು ತೂಕ, ಬಲಕ್ಕೊಂದು ತೂಕ. ಏನು ಮಾಡಬೇಕೆಂದು ತೋಚದೆ ಸುಮ್ಮನೆ ಸುತ್ತುತ್ತಿದೆ. ಅಕ್ಕ ಅಸಲು ಅಂಗಡಿಯಲ್ಲೂ ಅದರ ಹಳೆಯ ರೂಪವನ್ನು ಮರಳಿಸುತ್ತಾರೆ. ಚಕ್ರ ನಿಲ್ಲುತ್ತದೆ.

ಆದರೆ ಬೂಟಿನವರಿಗೆ ಫೋನ್ ಮಾಡುವುದಿಲ್ಲ. ಎದ್ದು ಕಿಟಕಿಯ ಬಳಿ ನಿಲ್ಲುತ್ತಾರೆ.

ಹೋದ ತಿಂಗಳು ಇದೇ ಅಂಗಡಿಯ ಮೊದಲ ಪುಟವೇ ತೆರೆಯದೆ ಹೋಗಿತ್ತು. ಸರಿಪಡಿಸಿ ನೋಡಿದರೆ ಎಲ್ಲ ಕಾಣುತ್ತಿತ್ತು. ಆಯಿತೆಂದು ಅಕ್ಕ ಹೇಳಿಯೂ ಬಿಟ್ಟರು. ಕಂಡದ್ದು ಅಕ್ಕನ ಕಂಪ್ಯೂಟರು ನೆನಪಿಟ್ಟುಕೊಂಡಿದ್ದ ಹಿಂದಿನ ದಿನದ ಪುಟ. ಲೋಕಕ್ಕೆಲ್ಲ ಅಂಗಡಿ ಮುಚ್ಚಿತ್ತು, ಅವರೊಬ್ಬರಿಗೆ ಮಾತ್ರ ತೆರೆದಿತ್ತು. ಸಂಜೆ ಮೊದಲು ಕಂಡುಹಿಡಿದದ್ದು ಅಳಿಯ.

"ಅಮ್ಮ ಇದ್ದಿದ್ರೆ ಆ ತಪ್ಪು ಆಗ್ತಿರಲಿಲ್ಲ," ಎನ್ನುತ್ತಾರೆ. ಕೋಣೆಯ ಇನ್ನೊಂದು ಮಂಚಕ್ಕೆ ಈಗ ಹಾಸಿಗೆಯಿಲ್ಲ, ಮೇಲೆ ವೈರುಗಳ ಡಬ್ಬ ಇದೆ. ಅಂಗಡಿ ಸರಿಹೋದಾಗಲೆಲ್ಲ ಮೊದಲ ಗಿರಾಕಿಯಾಗಿ ಅಮ್ಮ ಆ ಮಂಚದ ಮೇಲಿರುತ್ತಿದ್ದರು. ಬೇರೆ ಫೋನು, ಬೇರೆ ಕಣ್ಣು, ಅದೂ ಮಂಜುಗಣ್ಣು. "‘ದುಡ್ಡು ಕೊಡ್ತೀನಿ ಅಂದ್ರೂ ತಗೊಳ್ಳಲ್ವಲ್ಲೇ ನಿನ್ನ ಅಂಗಡಿ, ಅದೇನು ದೌಲತ್ತು!’ ಅಂತ ಬೈಯೋರು. ಅಮ್ಮನ ಕೈಲಿ ಕೊಳ್ಳೋಕಾಯ್ತು ಅಂದ್ರೆ ಯಾರ ಕೈಲಾದ್ರೂ ಆಗುತ್ತೆ. ಅವರು ಹೋದ್ಮೇಲೆ ನಾನೇ ಮಾಡೋದು, ನಾನೇ ನೋಡೋದು, ನಾನೇ ಭೇಷ್ ಅನ್ನೋದು."

ಈ ಕಸುಬಿಗೆ ಬರುವ ಮುನ್ನ ಅಕ್ಕ ಕಂಪನಿಯೊಂದರಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸದಲ್ಲಿದ್ದರು. ಕಂಪನಿ ಮುಚ್ಚಿತು. ಅಲ್ಲಿ ಕಿವಿಯಿಂದಲೇ ಕಲಿತದ್ದು ಇಲ್ಲಿ ಅನ್ನವಾಯಿತು. "ಆಗಲೂ ಜನ ಬೈಯೋಕೇ ಫೋನ್ ಮಾಡ್ತಿದ್ರು. ಈಗ ಬೈಯೋರು ಗೊತ್ತಿರೋರು, ಅಷ್ಟೇ." ದಿನಕ್ಕೆ ನಾಲ್ಕೈದು ಕರೆ ಬರುತ್ತವೆ. ಎಲ್ಲ ನೆಟ್ಟಗಿದ್ದ ದಿನ ಒಂದೂ ಬರುವುದಿಲ್ಲ. ಕೆಲಸ ಚೆನ್ನಾಗಿ ಮಾಡಿದಷ್ಟೂ ಕೋಣೆ ಮೌನವಾಗುತ್ತದೆ.

ಕೆಳಗೆ ಶಟರ್ ಎತ್ತಿದ ಸದ್ದು. ಅಕ್ಕ ಸೆರಗು ಸರಿಪಡಿಸಿಕೊಂಡು ಮೆಟ್ಟಿಲಿಳಿಯುತ್ತಾರೆ. ಹೊಲಿಗೆಯಾಕೆ ಯಂತ್ರದ ಮೇಲಿನ ಬಟ್ಟೆ ತೆಗೆಯುತ್ತಿದ್ದಾರೆ.

"ನಿಮ್ಮ ಫೋನಲ್ಲಿ ಒಂದು ಸಾಮಾನು ಕೊಂಡ್ಕೊಳ್ತೀರಾ? ದುಡ್ಡು ನಂದು."

"ಅಬ್ಬಾ, ಮಾತು ಬರುತ್ತಾ ನಿಮಗೆ! ಇಷ್ಟು ವರ್ಷ ತಲೆ ಆಡಿಸಿದ್ದೇ ನೋಡಿದ್ದು." ಹೊಲಿಗೆಯಾಕೆ ಕನ್ನಡಕ ಏರಿಸಿಕೊಳ್ಳುತ್ತಾರೆ. "ಏನು ಕೊಳ್ಳಲಿ?"

"ಒಂದು ಜೊತೆ ಬೂಟು. ಎಡ, ಬಲ ಬೇರೆಬೇರೆ ಅಳತೆ ಒತ್ತಿ. ನಾನು ಹೇಳಿಕೊಡಲ್ಲ, ನೀವೇ ಮಾಡ್ಬೇಕು."

"ನಾನು ಹಾಕೋದು ಹವಾಯಿ ಚಪ್ಪಲಿ ಕಣ್ರೀ! ಇರಲಿ. ಎಡ... ಬಲ... ವಿಳಾಸ... ಅಯ್ಯೋ, ಹೋಯ್ತು!"

"ಏನು ಹೋಯ್ತು? ಚಕ್ರ ಸುತ್ತುತ್ತಿದೆಯಾ?"

"ಚಕ್ರ ಎಲ್ಲಿದೆ? ದುಡ್ಡು ಹೋಯ್ತು! ‘ಧನ್ಯವಾದ’ ಅಂತ ಬಂತು."

ಅಕ್ಕ ಗೋಡೆಗೊರಗಿ ಕಣ್ಣು ಮುಚ್ಚುತ್ತಾರೆ. ಆ ಖರೀದಿಯನ್ನು ರದ್ದು ಮಾಡಲು ಮರಳಿ ಮೆಟ್ಟಿಲು ಹತ್ತುವಾಗ ಬೂಟಿನವರಿಗೆ ಫೋನಿನಲ್ಲಿ ಒಂದೇ ಮಾತು ಹೇಳುತ್ತಾರೆ: "ಅಂಗಡಿ ತೆಗೆದಿದೆ ಅಣ್ಣ. ಈ ಸಲ ಬೇರೆಯವರು ನೋಡಿದ್ದಾರೆ."

ಮಧ್ಯಾಹ್ನ ಅದೇ ನಂಬರಿನಿಂದ ಫೋನು. ಅಕ್ಕ ಕೈ ಒರೆಸಿಕೊಂಡು ಕಂಪ್ಯೂಟರಿನತ್ತ ಓಡುತ್ತಾರೆ. "ಏನು ನಿಂತಿದೆ ಅಣ್ಣ?"

ಮೊದಲು ಕೆಮ್ಮು, ಆಮೇಲೆ ಮಾತು. "ಏನೂ ನಿಂತಿಲ್ಲ. ಅಳಿಯನಿಗೆ ನಾನೇ ಹೇಳಿಬಿಟ್ಟೆ, ಬೆಳಗ್ಗೆ ಕೆಟ್ಟಿತ್ತು, ನೀನು ಏಳೋದರೊಳಗೆ ಸರಿಹೋಯ್ತು ಅಂತ. ಅವನ ಮುಖ ಊದಿಕೊಂಡಿದೆ, ಊದಿರಲಿ. ಕೈ ಆಡೋವರೆಗೂ ಬೂಟು ನಾನು ಹೊಲೀತೀನಿ, ಅಂಗಡಿ ನೀವು ನೋಡ್ಕೊಳ್ಳಿ. ಅಷ್ಟು ಹೇಳೋಣ ಅಂತ ಫೋನ್ ಮಾಡ್ದೆ."

ಅಕ್ಕನ ಬೆರಳುಗಳು ಕೀಲಿಮಣೆಯ ಮೇಲೆ ಹಾಗೇ ನಿಂತಿವೆ. ಕೆಟ್ಟದ್ದಿಲ್ಲ, ಕೇಳಬೇಕಾದ ಪ್ರಶ್ನೆಯಿಲ್ಲ. ಆಚೆಯವರೂ ಫೋನಿಡುವುದಿಲ್ಲ. ಕೊನೆಗೆ, "ಊಟ ಆಯ್ತಾ ಅಣ್ಣ?" ಎಂದು ಕೇಳುತ್ತಾರೆ. ಆಗಿದೆ ಎಂಬ ಉತ್ತರ ಬರುತ್ತದೆ. ಆಮೇಲೆ ಕರೆ ಮುಗಿಯುತ್ತದೆ.

ಫೋನನ್ನು ಮಡಿಲಲ್ಲಿಟ್ಟುಕೊಂಡು ಅಕ್ಕ ನಗುತ್ತಾರೆ. "ಏನೂ ಕೆಡದೆ ಇದ್ದಾಗ ಹೀಗೆ ಯಾರಾದ್ರೂ ಆಗಾಗ ಫೋನ್ ಮಾಡಿದ್ರೆ ಸಾಕು ನನಗೆ. ಏನು ಮಾತಾಡೋದು ಅಂತ ನಿಧಾನವಾಗಿ ಕಲ್ತುಕೊಳ್ತೀನಿ."