ಮಗಳ ಸೀರೆ ಒಗೆದ ದಿನ

ಒದ್ದೆಯಾದ ರೇಷ್ಮೆಗೆ ಒಂದು ವಾಸನೆ ಇರುತ್ತದೆ. ಸ್ವಲ್ಪ ಹಸಿ, ಸ್ವಲ್ಪ ನೆನೆದ ಕೂದಲಿನಂಥದ್ದು. ಸೀರೆ ಒಣಗಿದ ಮೇಲೆ ಹುಡುಕಿದರೂ ಸಿಗುವುದಿಲ್ಲ. ಮೊನ್ನೆ ಕೊಪ್ಪಳದ ನಮ್ಮ ಮನೆಯ ಬಚ್ಚಲಲ್ಲಿ, ತಂಗಿಯ ಮಗಳ ಮದುವೆಗೆ ಉಟ್ಟಿದ್ದ ಸೀರೆಯನ್ನು ತಣ್ಣೀರಿಗೆ ಇಳಿಸಿದಾಗ ಆ ವಾಸನೆ ಬಂತು. ಯಲಬುರ್ಗಾದ ದೊಡ್ಡವ್ವ ಎದುರಿಗೆ ಕುಕ್ಕರಗಾಲಲ್ಲಿ ಕುಳಿತ ಹಾಗಾಯಿತು...

ನನಗೆ ಆಗ ಹೊಸದಾಗಿ ಯಲಬುರ್ಗಾದ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಗಂಡನ ಕೆಲಸ ಕೊಪ್ಪಳದಲ್ಲಿ. ರಜೆ ಬಂದರೆ ಅವರು ಬಸ್ಸು ಹತ್ತಿ ಬರುತ್ತಿದ್ದರು. ದೊಡ್ಡವ್ವನ ಮನೆಯ ಮುಂದಿನ ಖೋಲಿಯಲ್ಲಿ ನಾನು ಬಾಡಿಗೆಗಿದ್ದೆ. ಸಂಬಂಧದಲ್ಲಿ ಆಕೆ ನನಗೆ ಏನೂ ಆಗಬೇಕಿರಲಿಲ್ಲ. ಓಣಿಯವರೆಲ್ಲ ದೊಡ್ಡವ್ವ ಅನ್ನುತ್ತಿದ್ದರು, ನಾನೂ ಅಂದೆ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳು. ಆಕೆಯನ್ನು ಇರಕಲ್ಲಗಡಕ್ಕೆ ಕೊಟ್ಟಿದ್ದಳು. ಮದುವೆಯಾಗಿ ಇನ್ನೂ ಮಕ್ಕಳಾಗುವ ಮೊದಲೇ ಆ ಹುಡುಗಿ ಕಾಮಾಲೆಯಾಗಿ ಹೋಗಿಬಿಟ್ಟಿದ್ದಳು. ಇದನ್ನು ನನಗೆ ಹೇಳಿದ್ದು ಓಣಿಯವರು. ದೊಡ್ಡವ್ವ ಹೇಳಲಿಲ್ಲ.

ಯಾರ ಮನೆಯಲ್ಲಿ ಮದುವೆ, ಬಸುರಿಯ ಕುಬಸ ಮುಗಿದರೂ ಮರುದಿನ ಹೆಂಗಸರು ಸೀರೆ ಹಿಡಿದುಕೊಂಡು ಆಕೆಯ ಅಂಗಳಕ್ಕೆ ಬರುತ್ತಿದ್ದರು. ಆಕೆಗೆ ಅದೊಂದು ಅಕ್ಕರೆಯ ಕೆಲಸ. ಅಂಟುವಾಳದ ಬೀಜ ತೆಗೆದು, ಸಿಪ್ಪೆ ನೆನೆಹಾಕಿ, ಕಿವುಚಿ, ಬಟ್ಟೆಯಲ್ಲಿ ಸೋಸಿ ಆ ನೊರೆಯಲ್ಲಿ ಒಗೆಯುತ್ತಿದ್ದಳು. ದಡಿ ಬಣ್ಣ ಬಿಡುತ್ತದೆಯೇ ಎಂದು ಮೊದಲು ಒಂದು ಮೂಲೆ ಅದ್ದಿ ನೋಡುವಳು. ಹಿಂಡಲು ಬಿಡುತ್ತಿರಲಿಲ್ಲ. ಹಳೆಯ ಧೋತರದಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿಗೆ ಹರವಬೇಕು. ನಮ್ಮ ಕಡೆಯ ಬೋರಿನ ನೀರು ಗಡಸು. ಅದಕ್ಕೆ ಮಳೆ ಬಂದಾಗ ಮಾಳಿಗೆಯ ನೀರು ಸುರಿಯುವ ದೋಣಿಯ ಕೆಳಗೆ ಹಂಡೆ ಇಟ್ಟು ನೀರು ಹಿಡಿದಿಡುತ್ತಿದ್ದಳು. "ಬೆವರು ಹಂಗ ಬಿಟ್ಟು ಮಡಚಬ್ಯಾಡ ತಂಗಿ, ಅದು ರೇಷ್ಮಿನ ತಿಂತೈತಿ," ಎಂದು ನನಗೂ ಹೇಳಿಕೊಟ್ಟಳು.

ಹೀಗೆ ಹೇಳುವ ಆಕೆಯ ಟ್ರಂಕಿನಲ್ಲೇ ಒಗೆಯದ ಸೀರೆಯೊಂದಿತ್ತು. ಮಗಳದು. ಹಸಿರು ಒಡಲು, ಕೆಂಪು ದಡಿ. ಕೊನೆಯ ಸಲ ಯಾರದೋ ಮದುವೆಗೆ ಉಟ್ಟು ಹಾಗೇ ಮಡಿಚಿಟ್ಟಿದ್ದಳಂತೆ. ಮಗಳು ಹೋದ ಮೇಲೆ ಬೀಗರು ಅದನ್ನು ತಂದು ಕೊಟ್ಟಿದ್ದರು. ಒಮ್ಮೊಮ್ಮೆ ದೊಡ್ಡವ್ವ ಟ್ರಂಕಿನ ಮುಚ್ಚಳ ಎತ್ತಿ, ಸೆರಗಿನಲ್ಲಿ ಮುಖ ಇಟ್ಟು ಕುಳಿತಿರುವುದನ್ನು ನಾನು ಕಂಡಿದ್ದೆ. ಕಂಡಾಗಲೆಲ್ಲ ಸದ್ದು ಮಾಡದೆ ಹೊರಗೆ ಬಂದಿದ್ದೆ.

ಕಾರ ಹುಣ್ಣಿಮೆ ಕಳೆದ ಮೇಲೆ ಒಂದು ದಿನ ಅಳಿಯ ಬಂದ. ಮತ್ತೆ ಮದುವೆಯಾಗಿದ್ದ. ಹುಡುಗಿ ಕಿನ್ನಾಳದವಳು, ಸಣ್ಣವಳಿದ್ದಾಗಲೇ ತಾಯಿಯನ್ನು ಕಳೆದುಕೊಂಡವಳು. ಆತ ಚಹಾ ಮುಟ್ಟಲಿಲ್ಲ. ತಲೆ ತಗ್ಗಿಸಿಕೊಂಡೇ ಕೇಳಿದ.

"ಅತ್ತಿ, ಆಕಿನ್ನ ನಿಮ್ಮ ಹತ್ರ ಒಮ್ಮಿ ಕರ್ಕೊಂಡ ಬರ್ಲೇನ್ರಿ? ನೀವು ಬ್ಯಾಡ ಅಂದ್ರ ಬರಂಗಿಲ್ಲ."

ದೊಡ್ಡವ್ವ ಆರಿದ ಚಹಾವನ್ನು ಬದಿಗೆ ಸರಿಸಿದಳು. ಕೊನೆಗೆ, "ಪಂಚಮಿಗಿ ಕರ್ಕೊಂಡ ಬರ್ರಿ," ಅಂದಳು. ನಮ್ಮ ಕಡೆ ನಾಗರ ಪಂಚಮಿಗೆ ತವರಿಗೆ ಬರುವವರು ಮನೆಯ ಹೆಣ್ಣುಮಕ್ಕಳು. ಆ ಮಾತಿನ ತೂಕ ಅವನಿಗೂ ಗೊತ್ತಾಯಿತು. ಕಣ್ಣು ಒರೆಸಿಕೊಂಡು ಎದ್ದು ಹೋದ.

ಹಬ್ಬಕ್ಕೆ ಒಂದು ವಾರ ಮೊದಲು ಮಳೆ ಬಂತು. ಹಂಡೆ ತುಂಬಿತು. ಮರುದಿನ ನಾನು ಶಾಲೆಗೆ ಹೊರಟಾಗ ದೊಡ್ಡವ್ವ ಅಂಗಳದಲ್ಲಿ ಆ ಹಸಿರು ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಅಂಟುವಾಳದ ನೀರು ನೊರೆಯಾಗಿತ್ತು. ಸಂಜೆ ಬಂದಾಗಲೂ ಹಾಗೇ ಕುಳಿತಿದ್ದಳು. ನೊರೆ ಇಳಿದುಹೋಗಿತ್ತು.

ನನಗೆ ತಡೆಯಲಾಗಲಿಲ್ಲ. "ದೊಡ್ಡವ್ವ, ಪಂಚಮಿಗಿ ಬರೂ ಹುಡುಗಿಗಿ ಹೊಸಾ ಸೀರಿ ತರೂಣ್ರಿ. ಇದು ನಿಮ್ಮ ಹತ್ರನ ಇರ್ಲಿ."

"ಹೊಸಾದು ಯಾರರ ಕೊಡ್ತಾರ," ಅಂದಳು. "ಮಗಳು ಅಂತ ಕರದ ಮ್ಯಾಲ ಮಗಳ ಸೀರಿನ ಕೊಡಬೇಕು." ಆಮೇಲೆ ಸೀರೆಯ ನಡುಭಾಗವನ್ನು ಬೆಳಕಿಗೆ ಹಿಡಿದು ತೋರಿಸಿದಳು. ಬೆವರು ಕುಳಿತಲ್ಲಿ ಎಳೆ ಸಡಿಲವಾಗಿ ಆಚೆಯದು ಕಾಣುತ್ತಿತ್ತು. "ನೋಡು. ಹಿಂಗ ಇಟ್ರ ಸೀರಿನೂ ಹೋಗತೈತಿ, ಆಕಿ ವಾಸನಿನೂ ಹೋಗತೈತಿ. ಎರಡ್ರಾಗ ಒಂದರ ಉಳೀಲಿ."

ಹೊಸದಾಗಿ ನೊರೆ ಮಾಡಿದಳು. ಸೀರೆಯನ್ನು ಕೊನೆಯ ಸಲ ಮೂಗಿಗೆ ಒತ್ತಿಕೊಂಡು ನೀರಿಗೆ ಬಿಟ್ಟಳು. ನೀರು ಕೆಂಪಡರಿತು. ದಡಿಯ ಬಣ್ಣವೋ, ಕುಂಕುಮವೋ... ಆ ನೀರನ್ನು ಬಚ್ಚಲಿಗೆ ಚೆಲ್ಲಲಿಲ್ಲ. ತುಳಸಿಯ ಬುಡಕ್ಕೆ ಹಾಕಿದಳು. ಅಳಲಿಲ್ಲ. ಮಾಡಿದ ರೊಟ್ಟಿಯನ್ನು ಮಾತ್ರ ಆ ದಿನ ಮುಟ್ಟಲಿಲ್ಲ.

ಪಂಚಮಿಗೆ ಅಳಿಯನ ಜೊತೆ ಹುಡುಗಿ ಬಂದಳು. ತೆಳ್ಳಗೆ, ಹೆದರಿದ ಮುಖ. ಜೋಳದ ಅಳ್ಳು, ಉಂಡಿ ತಿಂದದ್ದೆಲ್ಲ ಆಯಿತು. ಗಂಡನಿಲ್ಲದ ತಾನು ಉಡಿ ತುಂಬುವ ಹಾಗಿಲ್ಲವೆಂದು ದೊಡ್ಡವ್ವ ಅದನ್ನು ನನ್ನ ಕೈಯಿಂದ ಮಾಡಿಸಿದಳು. ಸೀರೆ ಇಡುವ ಮೊದಲು ನನ್ನ ಕೈ ಹಿಡಿದು ತಡೆದಳು.

"ಇದು ತೀರಿಹೋದ ನನ್ನ ಮಗಳದು. ನಿನ್ನ ಮನಸಿಗಿ ಬರದಿದ್ರ ಇಲ್ಲೇ ಬಿಟ್ಟು ಹೋಗವಾ. ನಾ ಸಿಟ್ಟ ಆಗಂಗಿಲ್ಲ."

ಅಳಿಯ ಗೋಡೆಯ ಕಡೆ ನೋಡಿದ. ಹುಡುಗಿ ಸೀರೆಯ ಮೇಲೆ ಬೆರಳಾಡಿಸಿದಳು. ಸಡಿಲವಾದ ಎಳೆಗಳ ಹತ್ತಿರ ಬೆರಳು ನಿಂತಿತು. ಆಮೇಲೆ ಮೆಲ್ಲಗೆ ಕೇಳಿದಳು.

"ಮನ್ಯಾಗ ಇದನ್ನ ಹೆಂಗ ಒಗೀಬೇಕ್ರಿ, ಯವ್ವಾ?"

ದೊಡ್ಡವ್ವ ಎದ್ದು ಅಡುಗೆಮನೆಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದಳು, ಕೈಯಲ್ಲಿ ಅಂಟುವಾಳದ ಗಂಟಿತ್ತು. ಹುಡುಗಿಯ ಪಕ್ಕದಲ್ಲಿ ಕುಳಿತು, ತಣ್ಣೀರಿನಿಂದ ಹಿಡಿದು ಎಲ್ಲವನ್ನೂ ಹೇಳಿಕೊಟ್ಟಳು.

ಅಲ್ಲಿಂದ ಮುಂದೆ ಆ ಹುಡುಗಿ ಪ್ರತಿ ಪಂಚಮಿಗೂ ಬಂದಳು. ಎರಡು ಬಾಣಂತನ ಆದದ್ದೂ ಆ ಮನೆಯಲ್ಲೇ. ನನಗೆ ಕೊಪ್ಪಳಕ್ಕೆ ವರ್ಗವಾಯಿತು. ದೊಡ್ಡವ್ವ ಹಾಸಿಗೆ ಹಿಡಿದಾಗ ಬಾಯಿಗೆ ನೀರು ಬಿಟ್ಟವಳು ಆ ಹುಡುಗಿಯೇ. ನಾನು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಆಮೇಲೆ ದೊಡ್ಡವ್ವನ ಮೈದುನನ ಮಕ್ಕಳು ಮನೆ ಮಾರಿದರು.

ಹೋದ ಪಂಚಮಿಗೆ ಆ ಹುಡುಗಿಯ ಫೋನು ಬಂತು. "ಅಕ್ಕೋರ, ಹಬ್ಬಕ್ಕ ಹೋಗಾಕ ಮನಿ ಇಲ್ಲ ಈಗ. ನಿಮ್ಮ ಹತ್ರ ಬರ್ಲೇನ್ರಿ?"

"ಬಾರವಾ," ಅಂದೆ.

ಬಂದಳು. ಅವಳ ಕೂದಲೂ ಅಲ್ಲಲ್ಲಿ ನೆರೆತಿದೆ. ಉಂಡಳು, ಮಕ್ಕಳ ಸುದ್ದಿ ಹೇಳಿದಳು. ದೊಡ್ಡವ್ವನ ಮಾತನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಹೊರಟಾಗ ಬಾಗಿಲಲ್ಲಿ ಚೀಲ ಹಿಡಿದು ಸುಮ್ಮನೆ ನಿಂತಳು. ಏನಾದರೂ ಮರೆತಳೇನೋ ಎಂದುಕೊಂಡೆ. ಆಮೇಲೆ ಹೊಳೆಯಿತು. ಪ್ರತಿ ಸಲ ಇವಳನ್ನು ಕಳಿಸಲು ದೊಡ್ಡವ್ವ ಬಸ್ ಸ್ಟ್ಯಾಂಡಿನವರೆಗೆ ಬಂದು, ಬಸ್ಸು ತಿರುಗುವವರೆಗೆ ನಿಂತಿರುತ್ತಿದ್ದಳು.

ನಾನು ಚಪ್ಪಲಿ ಮೆಟ್ಟಿಕೊಂಡೆ.