ಕ್ಯಾಸೆಟ್ ಅಂಗಡಿಯ ಮಗಳು ಕ್ಲಬ್ಬು ಗೆದ್ದ ಬಗೆ

ಪೆನ್ಸಿಲಕ್ಕ ಎಂಬ ಬಿರುದು ಅವಳಿಗೆ ಬಂದದ್ದು ಏಳನೆಯ ವಯಸ್ಸಿನಲ್ಲಿ. ಅಪ್ಪನದು ಕ್ಯಾಸೆಟ್ ತುಂಬಿಸಿಕೊಡುವ ಅಂಗಡಿ. ಕರುಳು ಹೊರಬಿದ್ದ ಕ್ಯಾಸೆಟ್ಟುಗಳನ್ನು ಹಿಡಿದು ಜನ ಓಡಿಬಂದರೆ, ಈ ಶಸ್ತ್ರವೈದ್ಯೆ ಸ್ಟೂಲಿನ ಮೇಲೆ ನಿಂತು, ತೂತಿಗೆ ಪೆನ್ಸಿಲ್ ತೂರಿಸಿ, ಟೇಪನ್ನು ಗಿರಗಿರನೆ ಒಳಗೆ ಸುತ್ತಿ ಜೀವ ಉಳಿಸುತ್ತಿದ್ದಳು. ಕೈಯಲ್ಲೇ ಸತ್ತ ರೋಗಿಗಳೂ ಇದ್ದರು. ಆ ಮನೆಯಲ್ಲಿ ಅವರ ಸುದ್ದಿ ಎತ್ತುವಂತಿಲ್ಲ.

ಅಂಗಡಿಯೆಂದರೆ ಎರಡು ಡೆಕ್ಕು, ಗೋಡೆ ತುಂಬ ರೆಕಾರ್ಡು, ಬಾಗಿಲಿಗೆ ಅಡ್ಡಲಾಗಿ ಒಂದು ಮೇಜು. ಗಿರಾಕಿ ತನಗೆ ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದ, ಅಪ್ಪ ಅವನ್ನು ಖಾಲಿ ಕ್ಯಾಸೆಟ್ಟಿಗೆ ಇಳಿಸುತ್ತಿದ್ದ. ಚೀಟಿಯಲ್ಲಿ ಯಾವ ಸಾಲೋ ಕ್ಯಾಸೆಟ್ಟಿನಲ್ಲೂ ಅದೇ ಸಾಲು. ಎದುರುಮನೆ ದರ್ಜಿ ಮೊದಲು ಜೋಗುಳ, ಆಮೇಲೆ ಪೊಲೀಸ್ ಬ್ಯಾಂಡು, ಅದಾದ ಮೇಲೆ ಹೆಂಡತಿ ಬಿಟ್ಟುಹೋದವನ ಗೋಳು ಅಂತ ಬರೆದುಕೊಟ್ಟಾಗಲೂ ಅಪ್ಪ ಹುಬ್ಬೇರಿಸಲಿಲ್ಲ.

"ಸ್ವಲ್ಪ ಹಿಂದೆ ಮುಂದೆ ಮಾಡಿದ್ರೆ ಚೆನ್ನಾಗಿರುತ್ತಲ್ಲಪ್ಪಾ?" ಅಂದಳು ಮಗಳು.

"ಕಿವಿ ಅವರದ್ದು ಕಣೇ. ನಮ್ಮದು ಬರೀ ಕೈ."

ಕ್ಯಾಸೆಟ್ಟಿನ ಕಾಲ ಮುಗಿದು ಅಂಗಡಿ ಮುಚ್ಚಿತು. ಮಗಳು ಹನ್ನೊಂದು ವರ್ಷ ಜೆರಾಕ್ಸ್ ಯಂತ್ರದ ಮುಂದೆ ನಿಂತಳು. ರಜೆಯಲ್ಲಿ ಮಾತ್ರ, ಹಾಡು ಬೆರೆಸುವ ಮಿಕ್ಸರೊಂದನ್ನು ಎರವಲು ತಂದು, ಮಕ್ಕಳ ಹುಟ್ಟುಹಬ್ಬಗಳಲ್ಲಿ ಹಾಡು ಹಾಕುತ್ತಿದ್ದಳು. ಕೇಕು ಕತ್ತರಿಸುವ ತನಕ ಕುಣಿಯುವ ಆ ಪ್ರೇಕ್ಷಕರಷ್ಟು ನಿರ್ದಯಿಗಳು ಲೋಕದಲ್ಲಿಲ್ಲ. ಬೇಜಾರಾದರೆ ನೆಲಕ್ಕೆ ಬಿದ್ದು ಅಳುತ್ತಾರೆ. ಅಲ್ಲಿ ಬದುಕುಳಿದವಳು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಓರಗೆಯವರೆಲ್ಲ ಸೊಂಟನೋವಿಗೆ ಎಣ್ಣೆ ಹುಡುಕುತ್ತಿದ್ದ ಹೊತ್ತಿಗೆ, ಕ್ಲಬ್ಬಿನ ಡೀಜೆಯಾಗಲು ದಂಡಯಾತ್ರೆ ಹೊರಟಳು.

ಹೋಟೆಲೊಂದರ ನೆಲಮಾಳಿಗೆಯಲ್ಲಿತ್ತು ಆ ಕ್ಲಬ್ಬು. ಭಾನುವಾರ ಮಧ್ಯಾಹ್ನ ಮೂರರಿಂದ ಏಳರವರೆಗೆ ಕುಣಿತ. ಮ್ಯಾನೇಜರ್ ಮಾತು ಕಡಿಮೆಯ ಮನುಷ್ಯ. "ಎರಡು ಭಾನುವಾರ ನೋಡ್ತೀನಿ ಮೇಡಂ. ಜನ ನೆಲದ ಮೇಲಿದ್ರೆ ಕೆಲಸ ನಿಮ್ದು. ಕುರ್ಚಿ ಮೇಲಿದ್ರೆ ನಮಸ್ಕಾರ."

ಅಷ್ಟು ಕೇಳಿದ್ದೇ ತಡ, ಜೆರಾಕ್ಸ್ ಅಂಗಡಿಯ ಯಜಮಾನನಿಗೆ ಹನ್ನೊಂದು ವರ್ಷದಿಂದ ಹೇಳಬೇಕೆಂದಿದ್ದುದನ್ನೆಲ್ಲ ಒಂದಕ್ಷರ ಬಿಡದೆ ಹೇಳಿ ಬಂದಳು. ಇನ್ನು ಆ ಬಾಗಿಲು ತೆರೆಯುವ ಹಾಗಿರಲಿಲ್ಲ. ಕ್ಲಬ್ಬು ದಕ್ಕಬೇಕು, ಇಲ್ಲವೇ ಮನೆಯಲ್ಲಿ ಕೂರಬೇಕು.

ಮೊದಲ ಭಾನುವಾರ. ಕುಣಿಯುವವರು ತಮಗೆ ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು ಡೀಜೆಗೆ ಕೊಡುವುದು ಅಲ್ಲಿಯ ರೂಢಿ. ಕೊಟ್ಟವರಿಗೂ ಅದು ಬರುತ್ತದೆಂಬ ಭ್ರಮೆಯಿರುವುದಿಲ್ಲ. ಪೆನ್ಸಿಲಕ್ಕನಿಗೆ ಆ ಗುಟ್ಟು ಯಾರೂ ಹೇಳಿರಲಿಲ್ಲ. ಬಂದ ಚೀಟಿಗೆ ಬಂದ ಕ್ರಮದಲ್ಲೇ ನಂಬರು ಹಾಕಿದಳು. ಒಂದಾದ ಮೇಲೆ ಒಂದು, ಎಲ್ಲವನ್ನೂ ಹಾಕಿದಳು. ಗುಡುಗಿನಂಥ ಹಾಡಿನ ಬೆನ್ನಿಗೆ ವಿರಹ, ವಿರಹದ ಬೆನ್ನಿಗೆ ಹಾಸ್ಯ, ಹಾಸ್ಯದ ಬೆನ್ನಿಗೆ ಮತ್ತೆ ವಿರಹ. ಇನ್ನೂರು ಜನ ಕೈ ಎತ್ತಿದವರು ಎತ್ತಿದ ಹಾಗೇ ನಿಂತರು, ಮುಖ ಮುಖ ನೋಡಿಕೊಂಡರು, ಕುರ್ಚಿ ಹುಡುಕಿದರು. ನಾಲ್ಕೂವರೆಗೆ ನೆಲದ ಮೇಲೆ ಉಳಿದವನು ಒಬ್ಬನೇ, ಅವನೂ ಬಿದ್ದ ಬೀಗದಕೈ ಹುಡುಕುತ್ತಿದ್ದ.

ಕೌಂಟರಿನಲ್ಲಿ ಪಾನೀಯ ಹಂಚುತ್ತಿದ್ದ ಹುಡುಗ ಹತ್ತಿರ ಬಂದ. "ಅಕ್ಕಾ, ಇದೇನು ಆಸ್ಪತ್ರೆ ಟೋಕನ್ನಾ? ಮುಂದಿನ ನಂಬರು ಯಾರದ್ದು ಅಂತ ಕೂಗಿಬಿಡ್ಲಾ?"

ಮ್ಯಾನೇಜರ್ ಒಂದೇ ಬೆರಳು ಎತ್ತಿ ತೋರಿಸಿದ: ಇನ್ನೊಂದು ಭಾನುವಾರ.

ಮನೆಗೆ ಬಂದು ಅಪ್ಪನ ಮುಂದೆ ಕೂತಳು. "ಅಪ್ಪಾ, ಇನ್ಮೇಲೆ ಸಾಲು ಮುರೀತೀನಿ, ಹೊಂದದ ಚೀಟಿ ಬಿಟ್ಬಿಡ್ತೀನಿ."

"ಕೇಳಿದೋನಿಗೆ ಕೊಡದೆ ಚೀಟಿ ನುಂಗೋದಾ? ಇಪ್ಪತ್ತೈದು ವರ್ಷದಲ್ಲಿ ಒಬ್ಬಂದೂ ನುಂಗಿಲ್ಲ ನಾನು!"

"ಕ್ಯಾಸೆಟ್ಟು ಒಬ್ಬಂದಪ್ಪಾ. ನೆಲ ಇನ್ನೂರು ಜನದ್ದು."

"ಹಾಗಾದ್ರೆ ನಾನೂ ಬರ್ತೀನಿ. ಯಾರ್ಯಾರದ್ದು ನುಂಗ್ತೀಯೋ ಕಣ್ಣಾರೆ ನೋಡ್ಬೇಕು."

ಬಂದೇ ಬಂದ. ಇಸ್ತ್ರಿ ಅಂಗಿ, ಕಿವಿಯಲ್ಲಿ ಹತ್ತಿ. ಮಗಳ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ನ್ಯಾಯಾಧೀಶನಂತೆ ಕೂತ. ಮೂರೂ ಹತ್ತಕ್ಕೆ ಜೇಬಿನಿಂದ ಚೀಟಿ ತೆಗೆದು ಮುಂದಿಟ್ಟ. ಮುತ್ತು ಪೋಣಿಸಿದ ಅಕ್ಷರ. ಅವನಿಗೆ ಪ್ರಾಣವಾದ ಹಾಡು. ಮೂರು ನಿಮಿಷ ಪಿಟೀಲು ಅತ್ತ ಮೇಲೆಯೇ ಗಾಯಕ ಬಾಯಿ ಬಿಡುವುದು.

ಪೆನ್ಸಿಲಕ್ಕ ಚೀಟಿಗಳನ್ನು ಇಸ್ಪೀಟಿನ ಎಲೆಗಳಂತೆ ಹರಡಿಕೊಂಡಳು. ಒಂದು ಕಿವಿಗೆ ಹೆಡ್‌ಫೋನ್, ಒಂದು ಕಿವಿ ಬಯಲಿಗೆ, ಕಣ್ಣು ಜನರ ಪಾದದ ಮೇಲೆ. ಪಾದ ಬಿಸಿಯಾಗುವ ತನಕ ನಿಧಾನ, ಬಿಸಿಯಾದ ಮೇಲೆ ಬಿರುಸು. ಓಡುತ್ತಿರುವ ಹಾಡಿನ ಹೊಟ್ಟೆಯೊಳಗೇ ಮುಂದಿನದರ ತಾಳ ಕೂಡಿಸಿ, ಮಿಕ್ಸರಿನ ಸ್ಲೈಡರ್ ಎಳೆದು, ಯಾವುದು ಎಲ್ಲಿ ಮುಗಿಯಿತೆಂದು ಯಾರಿಗೂ ತಿಳಿಯದ ಹಾಗೆ ದಾಟಿಸಿದಳು. ಅಪ್ಪನ ಚೀಟಿ ಮೂರು ಸಲ ಕೈಗೆ ಬಂತು. ಮೂರು ಸಲವೂ ಅಪ್ಪ ಕತ್ತು ಉದ್ದ ಮಾಡಿದ. ಮೂರು ಸಲವೂ ಅವಳು ನೆಲದತ್ತ ನೋಡಿ, ಚೀಟಿಯನ್ನು ಕೆಳಗಿಟ್ಟಳು. ನಾಲ್ಕನೆಯ ಸಲ ಬರಲಿಲ್ಲ, ಜೇಬಿಗೆ ಸೇರಿಸಿಬಿಟ್ಟಿದ್ದಳು.

ಏಳಕ್ಕೆ ದೀಪ ಹಾಕಿದರೂ ಜನ ನೆಲ ಬಿಡಲಿಲ್ಲ. ಮ್ಯಾನೇಜರ್ ಈ ಸಲ ಪೂರ್ತಿ ಎರಡು ವಾಕ್ಯ ಖರ್ಚು ಮಾಡಿದ: "ಕೆಲಸ ನಿಮ್ದು ಮೇಡಂ. ಈ ಕುರ್ಚಿ ಮಾತ್ರ ನಂದು, ಹಿರಿಯರು ಎದ್ದರೆ ತಗೊಂಡ್ಹೋಗ್ತೀನಿ."

ಬಸ್ಸಿನಲ್ಲಿ ಅಪ್ಪ ಕಿಟಕಿ ಕಡೆ ಮುಖ ತಿರುಗಿಸಿ ಕೂತ.

"ನಿನ್ನ ಹಾಡು ಹಾಕಿದ್ರೆ ಎಲ್ರೂ ಹೋಗಿ ಕೂತ್ಕೋತಿದ್ರಪ್ಪಾ."

"ಗೊತ್ತು. ನಾನೂ ನೋಡ್ತಿದ್ದೆನಲ್ಲ," ಅಂದ.

ಮುಂದಿನ ಭಾನುವಾರ ಎರಡೂವರೆಗೇ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಅಂದಿನಿಂದ ಅವನದು ಅಲ್ಲಿ ಸಂಬಳವಿಲ್ಲದ ಹುದ್ದೆ. ಚೀಟಿ ಹಿಡಿದು ಬಂದವರನ್ನು ಮೇಜಿಗಿಂತ ಹತ್ತು ಹೆಜ್ಜೆ ಮೊದಲೇ ತಡೆಯುತ್ತಾನೆ. ಯಾರಾದರೂ ಹಟ ಹಿಡಿದರೆ, ಎದೆಯುಬ್ಬಿಸಿ ಹೇಳುತ್ತಾನೆ:

"ಹೆತ್ತ ಅಪ್ಪ ನಾನು. ನಂದೇ ಹಾಕಲಿಲ್ಲ ಅವಳು, ನಿಮ್ಮದ್ಯಾಕೆ ಹಾಕ್ತಾಳೆ? ಹೋಗಿ ಕುಣೀರಿ!"